ಕೊಳೆ ಔಷಧಿಗೆ ಹಾಕುವ ಅಂಟು ಕಾಳುಮೆಣಸಿನಲ್ಲಿ ಉಳಿಯುತ್ತದಾ? ಲ್ಯಾಬ್‌ನಲ್ಲಿ ಏನಂತ ಕೇಳಬೇಕು?

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಅಡಿಕೆ ತೋಟ ನಮ್ಮದು. ಅಡಿಕೆ ಮರಕ್ಕೇ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ 40-45 ದಿನ ಬಿಟ್ಟು ಇನ್ನೊಂದು ಸಲ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಮದ್ದು ಮಳೆಗೆ ಹೋಗದೆ ಅಂಟಿ ನಿಲ್ಲಲಿ ಅಂತ ಅಪ್ಪನ ಕಾಲದಲ್ಲಿ ಇದಕ್ಕೆ ರಾಳ-ಸೋಡಾ ಕುದಿಸಿ ಹಾಕುತ್ತಿದ್ದರು. ಆರೇಳು ವರ್ಷದಿಂದ ನಾನು ಅಂಗಡಿಯ ಅಂಟು ಹಾಕುತ್ತಿದ್ದೇನೆ. ಮಳೆಗೆ ತೊಳೆದುಹೋಗುವುದಿಲ್ಲ, ಅಡಿಕೆ ಕೊನೆಗೆ (ಗೊಂಚಲಿಗೆ) ಚೆನ್ನಾಗಿ ಹಿಡಿಯುತ್ತದೆ, ಅದರಲ್ಲಿ ಸುಳ್ಳಿಲ್ಲ.

ಈ ವರ್ಷ ಮೆಣಸು ಕೊಳ್ಳುವವರು ರೆಸಿಡ್ಯೂ ರಿಪೋರ್ಟ್, ಅಂದರೆ ಕೀಟನಾಶಕ ಉಳಿದಿದೆಯಾ ಅನ್ನುವ ಲ್ಯಾಬ್ ವರದಿ, ಬೇಕು ಅಂದರು. ಮಾಡಿಸಿದೆ. ಇನ್ನೂರಕ್ಕೂ ಹೆಚ್ಚು ಕೀಟನಾಶಕಗಳ ಹೆಸರು, ಪ್ರತಿಯೊಂದರ ಮುಂದೆ ಎನ್‌ಡಿ, ಅಂದರೆ ಪತ್ತೆಯಾಗಿಲ್ಲ. ತುಂಬಾ ಸಮಾಧಾನವಾಯಿತು. ಮನೆಯಲ್ಲಿ ಎಲ್ಲರಿಗೂ ತೋರಿಸಿದೆ. ಪಿಯುಸಿ ಓದುವ ಮಗಳು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿ, "ಅಪ್ಪಾ, ನಾವು ಹಾಕುವ ಅಂಟಿನ ಹೆಸರು ಇದರಲ್ಲಿ ಎಲ್ಲಿದೆ?" ಅಂದಳು. ಎಲ್ಲೂ ಇರಲಿಲ್ಲ.

ಬಾಟಲಿ ತಂದು ನೋಡಿದೆ. ಕೀಟನಾಶಕದ ಡಬ್ಬಿಗಳ ಮೇಲೆ ಇರುವ ಕೆಂಪು, ಹಳದಿ, ನೀಲಿ, ಹಸಿರು ಗುರುತು ಯಾವುದೂ ಇಲ್ಲ. "ಪಾಲಿಮರ್ ಬೇಸ್ಡ್ ಸ್ಟಿಕ್ಕರ್ ಮತ್ತು ಸ್ಪ್ರೆಡರ್" ಅಂತ ಇದೆ, ಅಷ್ಟೇ. ಏನು ಪಾಲಿಮರ್, ಎಷ್ಟು ಪರ್ಸೆಂಟ್, ಒಂದೂ ಬರೆದಿಲ್ಲ. ಅಂಗಡಿಯವರಿಗೂ ತಿಳಿದಿಲ್ಲ.

ಇದೇ ಮೆಣಸನ್ನು ನಾವು ಮನೆಯಲ್ಲಿ ಸಾರಿಗೆ, ಕಷಾಯಕ್ಕೆ ಹಾಕುತ್ತೇವೆ. ಶೀತವಾದರೆ ಮಕ್ಕಳಿಗೆ ಕುಡಿಸುವುದೂ ಇದನ್ನೇ. ಹಾಗಾಗಿ ಇದು ಬರೀ ಮಾರಾಟದ ಪ್ರಶ್ನೆ ಅಲ್ಲ. ನನ್ನ ಪ್ರಶ್ನೆ ಇಷ್ಟು: ಎನ್‌ಡಿ ಅಂತ ಬಂದಿದೆ ಅಂದರೆ ಅಂಟೂ ಇಲ್ಲ ಅಂತ ಅರ್ಥವಾ? ಇಲ್ಲದಿದ್ದರೆ ಯಾವ ಟೆಸ್ಟ್ ಮಾಡಿಸಬೇಕು, ಲ್ಯಾಬ್‌ನವರ ಹತ್ತಿರ ಏನು ಹೇಳಿ ಕೇಳಬೇಕು?

ಸುಳ್ಯದ ಕೃಷಿಕ

ಒಳ್ಳೆಯ ಪ್ರಶ್ನೆ ಮಾರಾಯ್ರೇ, ನಾನೂ ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮಲ್ಲಿ ಎರಡು ತರದ ಅಂಟು ಹಾಕಿ ನೋಡಿ ಬಿಟ್ಟೆವು. ಒಂದು ಸಿಲಿಕಾನ್ ಸ್ಪ್ರೆಡರ್, ಎಲೆಯ ಮೇಲೆ ಎಣ್ಣೆಯ ಹಾಗೆ ಹರಡುತ್ತದೆ. ಇನ್ನೊಂದು ದಪ್ಪ, ಲೋಳೆ ಲೋಳೆ. ಅದನ್ನು ಬೋರ್ಡೋಗೆ ಸುರಿದರೆ ಎಳೆ ಎಳೆಯಾಗಿ ಗಂಟು ಕಟ್ಟಿ ನಾಝಲ್ ಕಟ್ಟಿಕೊಂಡಿತು. ಮದ್ದು ಬಿಡುವವನು ಮರದಿಂದ ಮರಕ್ಕೆ ಹೋಗುವಾಗ ನಾಲ್ಕು ಸಲ ಇಳಿದು ಸರಿಮಾಡಬೇಕಾಯಿತು. ಆ ವರ್ಷವೇ ವಾಪಸ್ ರಾಳಕ್ಕೆ ಬಂದೆವು.

ಸಸ್ಯರೋಗ ವಿಜ್ಞಾನಿ ಕೋಲ್‌ಮನ್ ಸಾಹೇಬರು ಮೈಸೂರಿನಲ್ಲಿ ಕೊಳೆರೋಗದ ಬಗ್ಗೆ ಬರೆದದ್ದು 1910ರಲ್ಲಿ. ಹಾಗೆ ನೋಡಿದರೆ ಈ ಬೋರ್ಡೋ ನಮ್ಮಲ್ಲಿ ನೂರು ವರ್ಷ ದಾಟಿದೆ, ರಾಳ-ಸೋಡಾ ಅಂಟೂ ಹಳೆಯದೇ. ಮರದಿಂದ ಬಂದ ವಸ್ತು ಮರದ ಮೇಲೆ ಹೋಗುತ್ತದೆ ಅಂತ ನನಗೆ ಸಮಾಧಾನ. ಆದರೆ ಕುದಿಸುವ ಕೆಲಸ ಜಾಸ್ತಿ, ಜನ ಸಿಗುವುದಿಲ್ಲ, ಅದೂ ನಿಜ. ಲ್ಯಾಬ್ ವಿಷಯ ಗೊತ್ತಿರುವವರು ಹೇಳಲಿ.

ಲ್ಯಾಬ್ ಮೇಜಿನಿಂದ

ನಾನು ಆಹಾರ ಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮೆಣಸು, ಏಲಕ್ಕಿ, ದ್ರಾಕ್ಷಿ ಎಲ್ಲ ನಮ್ಮ ಮೇಜಿಗೆ ಬರುತ್ತವೆ. ತೋಟದಮನೆಯವರೇ, ನಿಮ್ಮ ಮಗಳ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಆ ರಿಪೋರ್ಟ್ ಅಂಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಇದೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ರಿಪೋರ್ಟ್ ತಪ್ಪಲ್ಲ. ಅದು ನೋಡಿದ್ದು ಪಟ್ಟಿಯಲ್ಲಿರುವ ಹೆಸರುಗಳನ್ನು ಮಾತ್ರ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೀಟನಾಶಕಕ್ಕೆ ಈಗ ಎಲ್ಲ ಕಡೆ ಮಾಡುವ ವಿಧಾನದ ಹೆಸರು ಕ್ವೆಚರ್ಸ್. 2003ರಲ್ಲಿ ಪ್ರಕಟವಾಯಿತು. ಮೆಣಸನ್ನು ಪುಡಿ ಮಾಡಿ, ನೀರು ಹಾಕಿ ನೆನೆಸಿ, ಅಸಿಟೋನೈಟ್ರೈಲ್ ಅನ್ನುವ ದ್ರಾವಕ ಹಾಕಿ ಜೋರಾಗಿ ಅಲ್ಲಾಡಿಸುತ್ತೇವೆ. ಉಪ್ಪು ಹಾಕಿದರೆ ನೀರು ಕೆಳಗೆ, ದ್ರಾವಕ ಮೇಲೆ ನಿಲ್ಲುತ್ತದೆ. ಮೇಲಿನದನ್ನು ಶುದ್ಧ ಮಾಡಿ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡುತ್ತೇವೆ. ಆ ಯಂತ್ರ ಒಂದೊಂದು ಕೀಟನಾಶಕವನ್ನೂ ಅದರ ತೂಕದಿಂದ ಗುರುತಿಸುತ್ತದೆ. ಈ ತೂಕದ ಅಣು ಬಂತಾ, ಒಡೆದಾಗ ಈ ತೂಕದ ತುಂಡು ಕೊಟ್ಟಿತಾ, ಎರಡೂ ಹೊಂದಿದರೆ ಇದೆ ಅಂತ. ನಾವು ಯಾವ ತೂಕ ಹುಡುಕು ಅಂತ ಹೇಳಿರುತ್ತೇವೋ ಅದನ್ನು ಮಾತ್ರ ಹುಡುಕುತ್ತದೆ.

ಪಾಲಿಮರ್‌ಗೆ ಹಾಗೆ ಒಂದು ತೂಕ ಅಂತಲೇ ಇಲ್ಲ. ಹೂವಿನ ಮಾಲೆ ಅಂದುಕೊಳ್ಳಿ. ಒಂದೇ ಬಾಟಲಿಯಲ್ಲಿ ನೂರು ಹೂವಿನ ಮಾಲೆಯೂ ಇರುತ್ತದೆ, ಹತ್ತು ಸಾವಿರ ಹೂವಿನದೂ ಇರುತ್ತದೆ. ಇಷ್ಟು ದೊಡ್ಡ ಅಣು ಆ ದ್ರಾವಕಕ್ಕೆ ಸರಿಯಾಗಿ ಬರುವುದೂ ಇಲ್ಲ, ಬಂದರೂ ನಾವು ಬಳಸುವ ಯಂತ್ರದಲ್ಲಿ ಕಾಣುವುದಿಲ್ಲ. ಹಾಗಾಗಿ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಮಾಲೆಯನ್ನು ಬಿಟ್ಟು, ಪೋಣಿಸದೆ ಉಳಿದ ಬಿಡಿ ಹೂವನ್ನು ಹುಡುಕುತ್ತೇವೆ. ಅದಕ್ಕೆ ಉಳಿಕೆ ಮೊನೊಮರ್ ಅನ್ನುತ್ತಾರೆ. ಆರೋಗ್ಯದ ದೃಷ್ಟಿಯಿಂದಲೂ ಇದೇ ಸರಿ. ದೊಡ್ಡ ಮಾಲೆ ಹೊಟ್ಟೆಯಲ್ಲಾಗಲಿ ಚರ್ಮದಲ್ಲಾಗಲಿ ಸುಲಭವಾಗಿ ಒಳಗೆ ಹೋಗುವುದಿಲ್ಲ, ಬಿಡಿ ಹೂವು ಹೋಗುತ್ತದೆ. ಯೂರೋಪಿನ ರಾಸಾಯನಿಕ ಕಾಯ್ದೆಯಲ್ಲಿ ಪಾಲಿಮರ್‌ಗೆ ನೋಂದಣಿಯಿಂದ ವಿನಾಯಿತಿ ಇದೆ, ಆದರೆ ಅದರ ಮೊನೊಮರ್‌ಗೆ ನೋಂದಣಿ ಬೇಕು.

ಈಗ ನಿಮ್ಮ ಬಾಟಲಿ. ಸುಳ್ಯದವರು ಹೇಳಿದ ಲೋಳೆ ಅಂಟು ಪಾಲಿಅಕ್ರಿಲಮೈಡ್ ಇರುವ ಸಾಧ್ಯತೆ ಇದೆ. ಋಣ ವಿದ್ಯುದಂಶ ಇರುವ ಜಾತಿಯದಾದರೆ ತಾಮ್ರ, ಸುಣ್ಣ ಸಿಕ್ಕಾಗ ಗಂಟು ಕಟ್ಟುತ್ತದೆ. ಅದರ ಬಿಡಿ ಹೂವು ಅಕ್ರಿಲಮೈಡ್. ಇದು ನರಗಳಿಗೆ ವಿಷ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಇದನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ 2ಎ ಗುಂಪಿನಲ್ಲಿ ಇಟ್ಟಿದ್ದಾರೆ. ಇದನ್ನು ಅಳೆಯುವುದು ಕಷ್ಟವಲ್ಲ. ಎಲ್‌ಸಿ-ಎಂಎಸ್‌ಎಂಎಸ್ ಅನ್ನುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಕ 72ರಿಂದ 55ಕ್ಕೆ ಒಡೆಯುವ ಅಣು ಅಂತ ನೋಡುತ್ತೇವೆ. ಬಾಟಲಿಯಲ್ಲಿರುವುದು ಸಿಲಿಕಾನ್ ಆದರೆ ಕತೆ ಬೇರೆ. ಒಟ್ಟು ಸಿಲಿಕಾನ್ ಧಾತು ಅಳೆದು ಪ್ರಯೋಜನವಿಲ್ಲ, ಮೆಣಸಿಗೆ ಹತ್ತಿದ ಮಣ್ಣಿನ ಧೂಳಿನಲ್ಲೇ ಬೇಕಾದಷ್ಟು ಇರುತ್ತದೆ. ಇನ್ನೊಂದು ವಿಷಯ, ಟ್ರೈಸಿಲಾಕ್ಸೇನ್ ಅನ್ನುವ ಸಿಲಿಕಾನ್ ಸ್ಪ್ರೆಡರ್‌ಗಳು ಸುಣ್ಣ ಜಾಸ್ತಿಯಾದ ನೀರಿನಲ್ಲಿ ಬೇಗ ಒಡೆದುಹೋಗುತ್ತವೆ. ಬೋರ್ಡೋಗೆ ಅದನ್ನು ಹಾಕುವುದೇ ದುಡ್ಡು ದಂಡ.

ಮೂರನೆಯದು ಎಥಾಕ್ಸಿಲೇಟ್ ಜಾತಿ, ಸೋಪಿನ ಹಾಗೆ ಮದ್ದನ್ನು ಹರಡಿಸುವಂಥದ್ದು. ಇದರಲ್ಲಿ ನನಗೆ ಚಿಂತೆಯಾಗುವುದು ನೊನೈಲ್‌ಫಿನಾಲ್ ಎಥಾಕ್ಸಿಲೇಟ್. ಮೀನಿನ ದೇಹದಲ್ಲಿ ಹೆಣ್ಣು ಹಾರ್ಮೋನಿನ ಹಾಗೆ ವರ್ತಿಸುತ್ತದೆ ಅಂತ ಯೂರೋಪ್ 2003ರಲ್ಲೇ ಇದಕ್ಕೆ ನಿರ್ಬಂಧ ಹಾಕಿತು. ಯಂತ್ರದಲ್ಲಿ ಇದನ್ನು ಗುರುತಿಸುವುದು ಚೆಂದ: 44, 44ರ ಅಂತರದಲ್ಲಿ ಮೆಟ್ಟಿಲಿನ ಹಾಗೆ ಸಾಲಾಗಿ ಶಿಖರಗಳು ಬರುತ್ತವೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಈ ಜಾತಿಯಲ್ಲಿ ತಯಾರಿಕೆಯ ವೇಳೆ ಹುಟ್ಟುವ ಡೈಆಕ್ಸೇನ್ ಅನ್ನುವ ಬೇಡದ ವಸ್ತು ಕೂಡ ಸ್ವಲ್ಪ ಉಳಿದಿರಬಹುದು, ಅದನ್ನು ಬೇರೆಯಾಗಿ ಕೇಳಬೇಕು.

ನಿಮ್ಮ ಬೋರ್ಡೋದ ತಾಮ್ರವೂ ಆ ಇನ್ನೂರರ ಪಟ್ಟಿಯಲ್ಲಿ ಇರುವುದಿಲ್ಲ. ಅದು ಲೋಹ, ಅದಕ್ಕೆ ಲೋಹ ಅಳೆಯುವ ಐಸಿಪಿ ಯಂತ್ರದಲ್ಲಿ ಬೇರೆ ಪರೀಕ್ಷೆ.

ಯಲ್ಲಾಪುರ ಮಂಡಿ

ನಾನು ಮೆಣಸು ವ್ಯಾಪಾರದಲ್ಲಿ ಇರುವವನು. ಮೇಡಂ ಹೇಳಿದ್ದು ಸರಿ ಇರಬಹುದು, ಆದರೆ ಕೊಳ್ಳುವವರು ಕೇಳುವುದು ಕೀಟನಾಶಕದ ಪಟ್ಟಿ ಮಾತ್ರ. ಯೂರೋಪಿಗೆ ಹೋಗುವ ಮಾಲಿಗೆ, ಹೆಸರು ಹಿಡಿದು ಮಿತಿ ಹೇಳದ ಕೀಟನಾಶಕಕ್ಕೆ ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ ಅಂತ ಹಿಡಿಯುತ್ತಾರೆ. ನೂರು ಟನ್ನಿನಲ್ಲಿ ಒಂದು ಗ್ರಾಂ. ಅದನ್ನು ದಾಟಿಸುವುದೇ ರೈತರಿಗೆ ದೊಡ್ಡ ಕೆಲಸ. ಅಂಟಿನ ಟೆಸ್ಟ್ ಯಾರೂ ಕೇಳಿಲ್ಲ, ಅದಕ್ಕೆ ರೈತ ಯಾಕೆ ಕೈಯಿಂದ ದುಡ್ಡು ಹಾಕಬೇಕು? ಅಂಟು ತಯಾರಿಸುವವರು ಹಾಕಲಿ.

ತೋಟದಮನೆ (ಶಿರಸಿ)

ಮಂಡಿಯವರೇ, ನಿಮ್ಮ ಮಾತು ವ್ಯಾಪಾರಕ್ಕೆ ಸರಿ. ನಾನು ಮನೆಯವರಿಗಾಗಿ ಕೇಳುತ್ತಿದ್ದೇನೆ.

ಮೇಡಂ, ತುಂಬಾ ಧನ್ಯವಾದ. ಮಾಲೆ ಮತ್ತು ಬಿಡಿ ಹೂವು ಅಂದದ್ದು ಮನೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಹಾಗಾದರೆ ಮೆಣಸು ಕಳಿಸಿ ಅಕ್ರಿಲಮೈಡ್ ನೋಡಿ ಅಂತ ಕೇಳಿದರೆ ಸಾಕಾ?

ಲ್ಯಾಬ್ ಮೇಜಿನಿಂದ

ಸಾಕಾಗುವುದಿಲ್ಲ. ಮೊದಲು ಮೆಣಸು ಕಳಿಸಬೇಡಿ, ಬಾಟಲಿ ಕಳಿಸಿ.

ಬಾಟಲಿಯಲ್ಲಿ ಆ ವಸ್ತು ಅತಿ ಹೆಚ್ಚು ದಟ್ಟವಾಗಿ ಇರುತ್ತದೆ. ಅಲ್ಲಿಯೇ ಸಿಗದಿದ್ದರೆ, ಡ್ರಮ್ಮಿನಲ್ಲಿ ಕದಡಿ, ಮರಕ್ಕೆ ಹೊಡೆದು, ಮಳೆಗಾಲ ಕಳೆದ ಮೇಲೆ ಮೆಣಸಿನಲ್ಲಿ ಸಿಗುವ ಪ್ರಶ್ನೆಯೇ ಇಲ್ಲ. ಮೆಣಸು ಲ್ಯಾಬ್‌ನವರಿಗೆ ಕಷ್ಟದ ವಸ್ತು. ಖಾರ ಕೊಡುವ ಪೈಪರಿನ್, ಎಣ್ಣೆ, ಬಣ್ಣ ಎಲ್ಲ ಸೇರಿ ಯಂತ್ರವನ್ನು ಗೊಂದಲ ಮಾಡುತ್ತವೆ. ಬಾಟಲಿಯಲ್ಲಿ ಆ ತೊಂದರೆ ಕಡಿಮೆ, ಖರ್ಚೂ ಕಡಿಮೆ. ಜೊತೆಗೆ ತಯಾರಿಸಿದವರಿಗೆ ಒಂದು ಪತ್ರ ಹಾಕಿ, ಸುರಕ್ಷತಾ ದತ್ತಾಂಶ ಪತ್ರ ಮತ್ತು ಉಳಿಕೆ ಮೊನೊಮರ್‌ನ ಪ್ರಮಾಣ ಕೇಳಿ. ಮಂಡಿಯವರು ಹೇಳಿದ ಹಾಗೆ ಅದನ್ನು ಹೇಳುವುದು ಅವರದೇ ಕೆಲಸ.

ಒಂದು ಲೆಕ್ಕ ಹಾಕೋಣ. ಕುಡಿಯುವ ನೀರು ತಿಳಿಮಾಡಲು ಹಾಕುವ ಪಾಲಿಅಕ್ರಿಲಮೈಡ್‌ನಲ್ಲಿ ಬಿಡಿ ಅಕ್ರಿಲಮೈಡ್ 0.05 ಪರ್ಸೆಂಟ್ ಮೀರಬಾರದು ಅಂತ ಅಮೆರಿಕದಲ್ಲಿ ನಿಯಮವಿದೆ. ನಿಮ್ಮ ಅಂಟು ಆ ದರ್ಜೆಯದು ಅಂತ ಇಟ್ಟುಕೊಳ್ಳಿ. 200 ಲೀಟರ್ ಡ್ರಮ್ಮಿಗೆ ನೂರು ಗ್ರಾಂ ಪಾಲಿಮರ್ ಅಂತ ಜಾಸ್ತಿಯೇ ಹಿಡಿಯೋಣ. ಆಗ ಇಡೀ ಡ್ರಮ್ಮಿನಲ್ಲಿ ಅಕ್ರಿಲಮೈಡ್ 50 ಮಿಲಿಗ್ರಾಂ. ಒಂದು ಡ್ರಮ್ಮು ನೂರು ಮರಕ್ಕೆ ಬಂದರೆ ಮರಕ್ಕೆ ಅರ್ಧ ಮಿಲಿಗ್ರಾಂ. ಅದರಲ್ಲಿ ಹತ್ತನೇ ಒಂದು ಪಾಲು ಮೆಣಸಿನ ಗರೆಗೇ (ಕಾಳಿನ ಗೊಂಚಲಿಗೇ) ಬಿತ್ತು, ಆ ಬಳ್ಳಿಯಲ್ಲಿ ಒಂದು ಕಿಲೋ ಒಣ ಮೆಣಸು ಸಿಕ್ಕಿತು, ಒಂದು ಚೂರೂ ತೊಳೆದುಹೋಗಲಿಲ್ಲ ಅಂತ ಹಿಡಿದರೂ ಕಿಲೋಗೆ 50 ಮೈಕ್ರೋಗ್ರಾಂ. ಹುರಿದ ಕಾಫಿ ಪುಡಿಗೆ ಯೂರೋಪ್ ಇಟ್ಟಿರುವ ಮಾನದಂಡ 400 ಮೈಕ್ರೋಗ್ರಾಂ. ಮತ್ತೆ ತೊಳೆಯದೆ ಇರುವುದೂ ಇಲ್ಲ. ಅಕ್ರಿಲಮೈಡ್ ಒಂದು ಲೀಟರ್ ನೀರಿನಲ್ಲಿ ಎರಡು ಕಿಲೋಗೂ ಜಾಸ್ತಿ ಕರಗುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆ ಅದರ ಮೇಲೆ ಸುರಿದಿರುತ್ತದೆ. ಮೊದಲ ಸಲ ಹೊಡೆಯುವಾಗ ಮೆಣಸಿನ ಗರೆ ಇನ್ನೂ ಹೊರಟೇ ಇರುವುದಿಲ್ಲ ಅಲ್ವಾ? ಕಾಳಿಗೆ ತಾಗುವುದು ಎರಡನೇ ಸಲದ್ದು.

ಹಾಗಾಗಿ ಮಕ್ಕಳ ಕಷಾಯದ ಬಗ್ಗೆ ಈ ಒಂದು ಕಾರಣಕ್ಕೆ ಹೆದರಬೇಡಿ. ಆದರೆ ಈ ಲೆಕ್ಕವೆಲ್ಲ ನಿಂತಿರುವುದು 0.05 ಅನ್ನುವ ಅಂಕಿಯ ಮೇಲೆ. ನಿಮ್ಮ ಬಾಟಲಿ ಆ ದರ್ಜೆಯದು ಅಂತ ಯಾರೂ ಬರೆದುಕೊಟ್ಟಿಲ್ಲ. ಅದಕ್ಕೇ ಬಾಟಲಿ ಅಂದದ್ದು.

ಆಮೇಲೂ ಮೆಣಸು ನೋಡಲೇಬೇಕು ಅನ್ನಿಸಿದರೆ, ಅಂಟು ಹಾಕದ ಬಳ್ಳಿಯ ಮೆಣಸೂ ಜೊತೆಗೆ ಕಳಿಸಿ. ಇದು ಬಹಳ ಮುಖ್ಯ. ಅಕ್ರಿಲಮೈಡ್ ಜಾಸ್ತಿ ಶಾಖ ಕೊಟ್ಟಾಗ ಆಹಾರದಲ್ಲಿ ತಾನಾಗಿಯೇ ಹುಟ್ಟುತ್ತದೆ. ಬರೀ ಅಂಟು ಹಾಕಿದ ಮೆಣಸಿನಲ್ಲಿ ಸಿಕ್ಕಿದರೆ ಅದು ಅಂಟಿನದ್ದೋ, ಡ್ರೈಯರ್ ಬಿಸಿಯದ್ದೋ ಅಂತ ಯಾವ ಲ್ಯಾಬೂ ಹೇಳಲಾರದು.

ಸಾಗರದಿಂದ ಲುಂಡ್‌ಗೆ

ನಾನು ಸ್ವೀಡನ್‌ನಲ್ಲಿ ಇದ್ದೇನೆ, ಊರು ಸಾಗರ. ಮೇಡಂ ಕೊನೆಗೆ ಹೇಳಿದ ಮಾತು, ಶಾಖಕ್ಕೆ ಅಕ್ರಿಲಮೈಡ್ ಹುಟ್ಟುತ್ತದೆ ಅನ್ನುವುದು, ಜಗತ್ತಿಗೆ ತಿಳಿದದ್ದೇ ಇಲ್ಲಿಂದ. ಲುಂಡ್‌ನಿಂದ ಗೋಥೆನ್‌ಬರ್ಗ್‌ಗೆ ರೈಲಿನಲ್ಲಿ ಹೋಗುವಾಗ ಹಲ್ಲಾಂಡ್ಸೋಸ್ ಅನ್ನುವ ಉದ್ದನೆಯ ಸುರಂಗ ಸಿಗುತ್ತದೆ. 1997ರಲ್ಲಿ ಅದನ್ನು ಕೊರೆಯುವಾಗ ಬಂಡೆಯಿಂದ ನೀರು ಜಿನುಗುವುದು ನಿಲ್ಲಲಿ ಅಂತ ಬಿರುಕುಗಳಿಗೆ ಅಕ್ರಿಲಮೈಡ್ ಇರುವ ಅಂಟು ತುಂಬಿದರು. ಒಳಗೇ ಮಾಲೆಯಾಗಿ ಗಟ್ಟಿಯಾಗಬೇಕಿತ್ತು, ಪೂರ್ತಿ ಆಗಲಿಲ್ಲ. ಬಿಡಿ ಅಕ್ರಿಲಮೈಡ್ ಹಳ್ಳದ ನೀರಿಗೆ ಬಂತು. ಮೀನು ಸತ್ತವು, ಆ ನೀರು ಕುಡಿದ ಹಸುಗಳಿಗೆ ಕಾಲು ಸೋತು ನಿಲ್ಲಲಾಗಲಿಲ್ಲ. ಕೆಲಸಗಾರರಲ್ಲಿ ಕೆಲವರಿಗೆ ಕೈಕಾಲು ಜುಮ್ಮೆನ್ನುವುದು, ಮರಗಟ್ಟುವುದು ಶುರುವಾಯಿತು.

ಅವರ ರಕ್ತ ಪರೀಕ್ಷೆ ಮಾಡಿದರು. ಅಕ್ರಿಲಮೈಡ್ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಗುರುತು ಬಿಡುತ್ತದೆ. ಹೋಲಿಕೆಗೆ ಅಂತ ಸುರಂಗಕ್ಕೂ ತಮಗೂ ಸಂಬಂಧವೇ ಇಲ್ಲದವರ ರಕ್ತ ತೆಗೆದುಕೊಂಡರೆ, ಅದರಲ್ಲೂ ಸ್ವಲ್ಪ ಗುರುತು ಇತ್ತು. ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋಗಿ, ಕೊನೆಗೆ 2002ರಲ್ಲಿ ಹುರಿದ, ಕರಿದ ಆಹಾರದಿಂದ ಅಂತ ಇಲ್ಲಿಯ ಆಹಾರ ಇಲಾಖೆ ಮತ್ತು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯ ತಿಳಿಸಿದವು. ಹೋಲಿಕೆಯ ಮಾದರಿ ತೆಗೆದುಕೊಂಡಿರದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಅಂಟು ಹಾಕದ ಬಳ್ಳಿಯದ್ದೂ ಕಳಿಸಿ ಅಂದದ್ದು ಅದಕ್ಕೇ.

ಆದರೆ ಈ ಕತೆ ಹೇಳಲು ನನಗೆ ಇನ್ನೊಂದು ಕಾರಣವಿದೆ. ಅಲ್ಲಿ ಮೊದಲು ತೊಂದರೆ ಆದದ್ದು ಆ ಅಂಟಿನ ಜೊತೆ ಕೆಲಸ ಮಾಡಿದವರಿಗೆ. ಅಕ್ರಿಲಮೈಡ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ನಿಮ್ಮ ತೋಟದಲ್ಲಿ ಬಾಟಲಿ ಬಿಚ್ಚಿ ಸುರಿಯುವವರು, ಡ್ರಮ್ಮಿಗೆ ಕೈ ಹಾಕಿ ಕದಡುವವರು, ದೋಟಿ (ಉದ್ದನೆಯ ಕೋಲು) ಹಿಡಿದು ಕೆಳಗೆ ನಿಂತು ಮೈಮೇಲೆಲ್ಲ ಹನಿ ಬೀಳಿಸಿಕೊಳ್ಳುವವರು ಯಾರು? ನಾವು ಮೆಣಸಿನಲ್ಲಿ ಮೈಕ್ರೋಗ್ರಾಂ ಹುಡುಕುತ್ತಿದ್ದೇವೆ. ಅಡಿಕೆ ಮರ ಹತ್ತಿ ಕೆಲಸ ಮಾಡುವ ಕೊನೆಗೌಡನ ಅಂಗೈಗೆ ಬಾಟಲಿಯ ದ್ರವ ನೇರವಾಗಿ ತಾಗುತ್ತದೆ.

ಪ್ಲಾಸ್ಟಿಕ್ ಕಣದ ವಿಷಯವೂ ಕೇಳಬಹುದು ಅಂತ ಹೇಳಿಬಿಡುತ್ತೇನೆ. ಉದ್ದೇಶಪೂರ್ವಕವಾಗಿ ಸೇರಿಸುವ ಮೈಕ್ರೋಪ್ಲಾಸ್ಟಿಕ್ ಮೇಲೆ ಯೂರೋಪ್ 2023ರಲ್ಲಿ ನಿರ್ಬಂಧ ತಂದಿದೆ, ಬೆಳೆ ಔಷಧಿಗಳಿಗೆ 2031ರ ತನಕ ಸಮಯ ಕೊಟ್ಟಿದೆ. ಆದರೆ ನೀರಿನಲ್ಲಿ ಚೆನ್ನಾಗಿ ಕರಗುವ ಪಾಲಿಮರ್ ಅದರ ಲೆಕ್ಕಕ್ಕೆ ಬರುವುದಿಲ್ಲ.

ಸುಳ್ಯದ ಕೃಷಿಕ

ಪ್ಲಾಸ್ಟಿಕ್ ಅಂದ ಕೂಡಲೇ ನೆನಪಾಯಿತು. ಮೆಣಸು ಒಣಗಿಸುವುದು ಎಲ್ಲಿ? ಟಾರ್ಪಾಲಿನ್ ಮೇಲೆ. ನಮ್ಮದು ನಾಲ್ಕು ವರ್ಷದ ಹಳೆಯದು, ಬಿಸಿಲಿಗೆ ಪುಡಿ ಪುಡಿಯಾಗಿ ಉದುರುತ್ತದೆ. ಅಂಟಿಗಿಂತ ಅದೇ ಜಾಸ್ತಿ ಸೇರುವುದಿಲ್ಲವಾ?

ಲ್ಯಾಬ್ ಮೇಜಿನಿಂದ

ಸೇರಬಹುದು, ಅದೂ ಬೇಡದ್ದೇ. ಉದುರಲು ಶುರುವಾದ ಟಾರ್ಪಾಲಿನ್ ತೆಗೆದುಬಿಡಿ. ಸಿಮೆಂಟಿನ ಅಂಗಳ ಅಥವಾ ಬಿದಿರಿನ ತಟ್ಟಿ ಒಳ್ಳೆಯದು. ಟಾರ್ಪಾಲಿನ್ ತುಂಡುಗಳು ಪರೀಕ್ಷೆಯನ್ನೂ ಕೆಡಿಸುತ್ತವೆ. ಪಾಲಿಮರ್ ಅನ್ನೇ ನೇರವಾಗಿ ನೋಡುವ ಒಂದು ವಿಧಾನ ಇದೆ, ಗಾಳಿಯಿಲ್ಲದೆ ಸುಮಾರು 600 ಡಿಗ್ರಿಗೆ ಕಾಯಿಸಿ ಒಡೆದ ತುಂಡುಗಳನ್ನು ಗುರುತಿಸುವುದು, ಪೈರೋಲಿಸಿಸ್ ಅಂತ. ಆದರೆ ಮೆಣಸಿನ ನಾರು, ಮೇಣ ಎಲ್ಲವೂ ಆ ಶಾಖಕ್ಕೆ ಒಡೆದು ಸೇರಿಕೊಳ್ಳುತ್ತವೆ. ರೈತರು ಇದಕ್ಕೆ ದುಡ್ಡು ಹಾಕುವುದು ಬೇಡ.

ತೋಟದಮನೆ (ಶಿರಸಿ)

ಸಾಗರದವರೇ, ನಿಮ್ಮ ಮಾತು ಓದಿ ಸುಮ್ಮನೆ ಕೂರಲಾಗಲಿಲ್ಲ. ಇವತ್ತು ನಮ್ಮ ಕೊನೆಗೌಡರ ಮನೆಗೆ ಹೋಗಿ ಮಾತಾಡಿದೆ. ಅಂಟನ್ನು ಬರಿಗೈಯಲ್ಲೇ ಕದಡುವುದಂತೆ, ಕೋಲಿನಲ್ಲಿ ತಿರುಗಿಸಿದರೆ ಸರಿಯಾಗಿ ಬೆರೆಯುವುದಿಲ್ಲ ಅಂತ. ಇಷ್ಟು ವರ್ಷ ನಾನು ಒಂದು ಸಲವೂ ವಿಚಾರಿಸಿರಲಿಲ್ಲ. ಅವರಿಗೆ ಸದ್ಯ ಕೈಯಲ್ಲಿ ಏನೂ ತೊಂದರೆ ಇಲ್ಲ. ಮೊಣಕೈ ತನಕ ಬರುವ ರಬ್ಬರ್ ಗವಸು ಎರಡು ಜೊತೆ ತಂದುಕೊಟ್ಟಿದ್ದೇನೆ.

ಈ ಸಲ ತೋಟದ ಮೇಲಿನ ತುದಿಯ ಹತ್ತು ಮರಕ್ಕೆ ಅಂಟಿಲ್ಲದ ಬೋರ್ಡೋ, ಪಕ್ಕದ ಹತ್ತು ಮರಕ್ಕೆ ರಾಳ, ಉಳಿದದ್ದಕ್ಕೆ ಏನು ಅಂತ ಬಾಟಲಿಯ ರಿಪೋರ್ಟ್ ಬಂದ ಮೇಲೆ ತೀರ್ಮಾನ. ತಯಾರಿಸುವವರಿಗೆ ಪತ್ರವನ್ನು ಮಗಳೇ ಬರೆದಿದ್ದಾಳೆ. ಕೊಯ್ಲಿನ ಹೊತ್ತಿಗೆ ಮೂರೂ ಕಡೆಯ ಮೆಣಸು ಬೇರೆ ಬೇರೆ ಒಣಗಿಸಿ ಇಡುತ್ತೇನೆ. ಸ್ಯಾಂಪಲ್ ಹೇಗೆ ತೆಗೆಯಬೇಕು, ಯಾವುದರಲ್ಲಿ ತುಂಬಬೇಕು?

ಲ್ಯಾಬ್ ಮೇಜಿನಿಂದ

ಬಹಳ ಒಳ್ಳೆಯ ಕೆಲಸ ಮಾಡಿದಿರಿ, ಗವಸಿನದ್ದಂತೂ.

ಚೀಲದ ಮೇಲಿನಿಂದ ಒಂದು ಹಿಡಿ ತೆಗೆದು ಕಳಿಸಬೇಡಿ. ಮೇಲೆ, ನಡುವೆ, ಅಡಿ, ಎಲ್ಲ ಕಡೆಯಿಂದ ತೆಗೆದು ರಾಶಿ ಮಾಡಿ. ರಾಶಿಯನ್ನು ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ಬಿಡಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ. ಅಂಟು ಹಾಕದ ಮೆಣಸಿನ ಕೆಲಸ ಮೊದಲು ಮುಗಿಸಿ, ಆಮೇಲೆ ಅಂಟಿನದ್ದನ್ನು ಮುಟ್ಟಿ. ಪ್ಲಾಸ್ಟಿಕ್ ಕವರ್ ಬೇಡ, ಗಾಜಿನ ಭರಣಿ ಒಳ್ಳೆಯದು. ಭರಣಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಹಾಗೇ ಒಣಗಿಸಬೇಡಿ, ಸೋಪಿನಲ್ಲೂ ಎಥಾಕ್ಸಿಲೇಟ್ ಇರಬಹುದು. ಬಿಸಿನೀರಿನಲ್ಲಿ ನಾಲ್ಕೈದು ಸಲ ಜಾಲಾಡಿ ಬಿಸಿಲಿಗೆ ಇಡಿ. ಮುಚ್ಚಳದ ಒಳಗೆ ಅಲ್ಯೂಮಿನಿಯಂ ಹಾಳೆ ಹಾಕಿ ಮುಚ್ಚಿ. ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೂ, ನಿಮ್ಮ ಈ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯಲ್ಲಿ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಎಲ್‌ಒಕ್ಯೂ ಎಷ್ಟು, ಅಂದರೆ ಎಷ್ಟು ಕಡಿಮೆಯ ತನಕ ಖಚಿತವಾಗಿ ಅಳೆಯುತ್ತೀರಿ ಅಂತಲೂ ಮೊದಲೇ ಬರೆಸಿಕೊಳ್ಳಿ.

ಬಾಟಲಿ ಈಗ ಕಳಿಸುವಾಗ ಸೀಲ್ ಒಡೆಯದ ಹೊಸದನ್ನೇ ಕಳಿಸಿ, ಬ್ಯಾಚ್ ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಮೆಣಸು ಕಳಿಸುವಾಗ ಇನ್ನೊಂದು ಬಾಟಲಿ ಕಳಿಸಬೇಕಾಗಿ ಬಂದರೂ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಬೇಡಿ. ದಾರಿಯಲ್ಲಿ ಒಂದು ಹನಿ ಸೋರಿದರೂ ವರ್ಷದ ಕೆಲಸ ಹೋಗುತ್ತದೆ.